ಒಬ್ರೇನಾ ಸಾರ್? ಹಾಸನದ ದಾರಿಯ ಸೈಕಲ್ ಟಿಪ್ಪಣಿಗಳು

ನೆಲಮಂಗಲ ದಾಟಿದ ಮೇಲೆ

ಟೀ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರೆ ಪ್ರಶ್ನೆಗಳು ಒಂದು ಕ್ರಮದಲ್ಲೇ ಬರುತ್ತವೆ. ಮೊದಲು ‘ಎಲ್ಲಿಂದ ಸಾರ್?’ ಆಮೇಲೆ ‘ಎಲ್ಲಿಗೆ?’ ಮೂರನೆಯದು ‘ಒಬ್ರೇನಾ?’ ನಾಲ್ಕನೆಯದು ‘ಎಷ್ಟು ಬಿತ್ತು ಸೈಕಲ್ಲಿಗೆ?’ ಐದನೆಯದಕ್ಕೆ ಮುಂಚೆ ಕೇಳುವವರು ಒಂದು ಗುಟುಕು ಟೀ ಕುಡಿಯುತ್ತಾರೆ. ಕ್ಯಾರಿಯರಿನ ಎರಡೂ ಪಕ್ಕದ ಚೀಲಗಳನ್ನು, ಮೇಲೆ ಕಟ್ಟಿರುವ ಟೆಂಟಿನ ಸುರುಳಿಯನ್ನು ಇನ್ನೊಂದು ಸಲ ನೋಡುತ್ತಾರೆ. ಆಮೇಲೆ ಮೆಲ್ಲಗೆ, ‘ಯಾಕೆ?’

ಮೊದಲ ನಾಲ್ಕಕ್ಕೆ ಉತ್ತರ ಇದೆ. ಬೆಂಗಳೂರಿನಿಂದ. ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಆಮೇಲೆ ಚಾರ್ಮಾಡಿ ಇಳಿದು ಕಡಲವರೆಗೆ. ಒಬ್ಬನೇ. ಬೆಲೆಯನ್ನು ಮಾತ್ರ ಅರ್ಧ ಮಾಡಿ ಹೇಳುತ್ತೇನೆ. ಆ ಅರ್ಧಕ್ಕೇ ಹುಬ್ಬು ಮೇಲೇರುತ್ತದೆ. ‘ಇನ್ನೊಂದ್ ಸ್ವಲ್ಪ ಹಾಕಿದ್ರೆ ಸೆಕೆಂಡ್‌ಹ್ಯಾಂಡ್ ಗಾಡಿನೇ ಬರ್ತಿತ್ತಲ್ಲ’ ಎಂದವರಿಗೆ ಎದುರು ಹೇಳುವುದೇನೂ ಇಲ್ಲ. ಬರುತ್ತಿತ್ತು.

ಐದನೆಯದಕ್ಕೆ ಬೆಂಗಳೂರಿನಲ್ಲೇ ಒಂದು ಉತ್ತರ ತಯಾರಿತ್ತು: ‘ಸುಮ್ನೆ, ಊರೂರು ನೋಡೋಕೆ.’ ಅದು ನಡೆಯುವುದಿಲ್ಲ. ‘ನಮ್ಮೂರಲ್ಲಿ ಏನಿದೆ ನೋಡೋಕೆ?’ ಎಂದು ಊರಿನವರೇ ಕೇಳುತ್ತಾರೆ. ‘ಆರೋಗ್ಯಕ್ಕೆ’ ಎಂದರೆ, ಅದಕ್ಕೆ ಬೆಳಗಿನ ವಾಕಿಂಗ್ ಸಾಲದೇ ಎನ್ನುತ್ತಾರೆ. ‘ಪರಿಸರ ಜಾಗೃತಿ’ ಎಂದು ಒಂದು ಕಡೆ ಹೇಳಿ ನೋಡಿದೆ. ಥಟ್ಟನೆ ಒಪ್ಪಿದರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು, ಆಮೇಲೆ ಬ್ಯಾನರ್ ಎಲ್ಲಿ ಎಂದು ಕೇಳಿದರು. ಬ್ಯಾನರ್ ಇಲ್ಲದೆ ಜಾಗೃತಿಗೆ ಹೊರಟವನ ಮೇಲೆ ಅನುಮಾನ ಬಾರದೆ ಇರುತ್ತದೆಯೇ?

ಇನ್ನೊಬ್ಬರು ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದರು. ತಮಾಷೆಗಲ್ಲ, ಬ್ಯಾಟರಿ ಸೈಕಲ್ ಎಂದುಕೊಂಡಿದ್ದರು. ಕೂತು, ಬಗ್ಗಿ, ಹಿಂದಿನ ಚಕ್ರದ ನಡುವೆ ಮೋಟರ್ ಹುಡುಕಿದರು. ಇಲ್ಲ ಎಂದು ಖಾತ್ರಿಯಾದ ಮೇಲೆ ಅವರ ಮುಖದಲ್ಲಿ ನನ್ನ ಬಗ್ಗೆ ಮೂಡಿದ್ದು ಮೆಚ್ಚುಗೆಯಲ್ಲ, ಮರುಕ.

ಬಿಳಿ ಗೆರೆಯ ಎಡಕ್ಕೆ

ರಾಷ್ಟ್ರೀಯ ಹೆದ್ದಾರಿ 75. ಹಳಬರ ಬಾಯಲ್ಲಿ ಇನ್ನೂ 48. ನಾಲ್ಕು ಪಥದ ರಸ್ತೆಯಲ್ಲಿ ಸೈಕಲ್ಲಿಗೆ ಸಿಗುವುದು ಎಡತುದಿಯ ಬಿಳಿ ಗೆರೆ, ಅದರ ಆಚೆಯ ಒಂದೆರಡು ಗಜ. ಆ ಒಂದೆರಡು ಗಜದಲ್ಲಿ ಏನೇನಿವೆ ಎಂದು ಕಾರಿನಲ್ಲಿ ಹೋಗುವವರಿಗೆ ಗೊತ್ತಾಗುವುದಿಲ್ಲ. ಒಂಟಿ ಚಪ್ಪಲಿಗಳು ಎಷ್ಟೋ. ಜೊತೆ ಚಪ್ಪಲಿ ಒಂದೂ ಕಾಣಲಿಲ್ಲ. ಲಾರಿಯಿಂದ ಜಾರಿದ ಹಗ್ಗ, ಒಡೆದ ಕನ್ನಡಿ, ಎಳನೀರಿನ ಬುರುಡೆ, ಎದುರಿನಿಂದ ರಾಂಗ್‌ಸೈಡಿನಲ್ಲಿ ಬರುವ ಮೊಪೆಡ್ಡು, ಅದರ ಮೇಲೆ ಮುಖ ಕಾಣದಷ್ಟು ಹುಲ್ಲಿನ ಹೊರೆ. ಮೊಪೆಡ್ಡಿನವರೂ ನಾನೂ ಪ್ರತಿ ಸಲ ಒಬ್ಬರಿಗೊಬ್ಬರು ತಲೆಯಾಡಿಸಿ ದಾರಿ ಬಿಟ್ಟುಕೊಳ್ಳುತ್ತೇವೆ. ಆ ಅಂಚಿಗೆ ಅದರದೇ ಸಂಪ್ರದಾಯ.

ಸಿಡಿದುಹೋದ ಲಾರಿ ಟಯರುಗಳ ಕಪ್ಪು ತೊಗಟೆಗಳೂ ಅಲ್ಲೇ ಬಿದ್ದಿರುತ್ತವೆ. ರೇಡಿಯಲ್ ಟಯರಿನ ಒಳಗೆ ಉಕ್ಕಿನ ತಂತಿ ಇರುತ್ತದೆ, ಕೂದಲಿನಷ್ಟು ತೆಳುವಾದದ್ದು. ಟಯರು ಸಿಡಿದಾಗ ಅದು ಚೂರುಚೂರಾಗಿ ರಸ್ತೆಯ ಅಂಚಿಗೆ ಹಾರುತ್ತದೆ. ಮೊಳೆ, ಗಾಜು ಕಣ್ಣಿಗೆ ಬೀಳುತ್ತವೆ, ಈ ತಂತಿ ಬೀಳುವುದಿಲ್ಲ. ಸೈಕಲ್ ಟಯರಿನ ಒಳಕ್ಕೆ ದಿನವಿಡೀ ಒಂದೊಂದೇ ಕೂದಲೆಳೆ ಇಳಿದು, ಸಂಜೆಯ ಹೊತ್ತಿಗೆ ಟ್ಯೂಬಿಗೆ ತಾಗುತ್ತದೆ. ಪಂಚರ್ ಆದದ್ದು ಎಲ್ಲಿ ಎಂದು ಕೇಳಿದರೆ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಎಲ್ಲೋ ಎಂದು ಹೇಳಬೇಕು.

ಪಂಚರ್ ಅಂಗಡಿ

ಕುಣಿಗಲ್ ಆಚೆ, ಹೆದ್ದಾರಿಯಿಂದ ಒಳಗೆ ಒಂದು ಊರು. ಅಂಗಡಿಯವರಿಗೆ ಎಪ್ಪತ್ತರ ಮೇಲೆ ವಯಸ್ಸು. ಸೈಕಲ್ಲನ್ನು ಮುಟ್ಟುವ ಮೊದಲು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ವಾಲ್ವ್ ಕಂಡು ನಿಂತರು. ನಮ್ಮ ಕರೀ ಸೈಕಲ್ಲುಗಳಲ್ಲಿ ಇರುವುದು ರಬ್ಬರ್ ವಾಲ್‌ಟ್ಯೂಬಿನ ವಾಲ್ವ್. ಇದರದು ಬೆರಳಿಗಿಂತ ಬಹಳ ಸಪೂರ, ತುದಿಯಲ್ಲಿ ಬಿಚ್ಚಿ ಒತ್ತಬೇಕಾದ ಪುಟ್ಟ ತಿರುಪು. ‘ಇದೇನು, ಸೂಜಿ ಇದ್ದಂಗಿದೆ?’ ಎಂದರು. ಹಿತ್ತಾಳೆಯ ಸಣ್ಣ ಟೊಪ್ಪಿಯೊಂದನ್ನು ಅದರ ಮೇಲೆ ಸುತ್ತಿ ಕೂರಿಸಿದರೆ ಬೈಕಿಗೆ ಗಾಳಿ ಹಾಕುವ ನಳಿಗೆಯೇ ಹಿಡಿಯುತ್ತದೆ. ತೋರಿಸಿದೆ. ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, ‘ಇಷ್ಟು ಚಿಕ್ಕದು ಕಳೆದ್ರೆ ನಿಮ್ ಗತಿ ಏನು?’ ಎಂದರು. ಅವತ್ತಿನಿಂದ ಒಂದರ ಬದಲು ಎರಡು ಟೊಪ್ಪಿ, ಬೇರೆ ಬೇರೆ ಚೀಲದಲ್ಲಿ.

ಟ್ಯೂಬು ಬಿಚ್ಚಿ, ಗಾಳಿ ತುಂಬಿ, ಹಳೇ ಬಾಣಲೆಯ ನೀರಿನಲ್ಲಿ ಮುಳುಗಿಸಿದರು. ಒಂದೇ ಸಾಲು ಗುಳ್ಳೆ, ಸಾಸಿವೆ ಗಾತ್ರದ್ದು. ಅಲ್ಲಿಗೆ ಬೇರೆಯವರು ಪ್ಯಾಚ್ ಹಾಕಲು ಕೂರುತ್ತಿದ್ದರು. ಇವರು ಟಯರನ್ನು ಮಡಿಲಿಗೆ ಹಾಕಿಕೊಂಡು, ಒಳಗಡೆ ಹೆಬ್ಬೆರಳಿನ ಉಗುರನ್ನು ನಿಧಾನವಾಗಿ ಒಂದು ಸುತ್ತು ಎಳೆದರು. ಕಣ್ಣು ಮುಚ್ಚಿಕೊಂಡಿದ್ದರು. ಒಂದು ಕಡೆ ಉಗುರು ನಿಂತಿತು. ‘ಇಲ್ಲೈತೆ.’ ಕಿವಿ ಹಿಡಿದು ಮೇಲೆತ್ತಿದ ಹಾಗೆ ಚಿಮಟದಲ್ಲಿ ಹಿಡಿದೆಳೆದ ತಂತಿಯನ್ನು ಬಿಳಿ ಕಾಗದದ ಮೇಲಿಟ್ಟಾಗಲೇ ನನಗೆ ಕಂಡದ್ದು. ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಶನ್ ಹಚ್ಚಿ, ಅದು ಆರುವವರೆಗೂ ಆತುರಪಡದೆ ಬೀಡಿ ಹಚ್ಚಿದರು.

ಒಂದು ಕಾಲಕ್ಕೆ ಬಾಡಿಗೆಗೆ ಕೊಡುವ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವಂತೆ, ಗಂಟೆ ಲೆಕ್ಕ. ಅದು ಹೋಯಿತು. ಆಮೇಲೆ 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಮತ್ತೆ ಕೆಲಸ ಬಂತು. ‘ಕೊರೋನಾ ಆದ್ಮೇಲೆ ಅದೂ ನಿಂತೋಯ್ತು. ಈಗೇನಿದ್ರೂ ಬೈಕು.’ ದುಡ್ಡು ಎಷ್ಟು ಎಂದರೆ ಇಪ್ಪತ್ತು ರೂಪಾಯಿ. ಅವರೂ ‘ಯಾಕೆ’ ಎಂದು ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ‘ಚೈನಿಗೆ ಎಣ್ಣೆ ಬಿಡಿ’ ಎಂದರು, ಅಷ್ಟೇ.

ಕಣ್ಣಿಗೆ ಸಪಾಟು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಕಡಲಿಗೆ ಹೊರಟವನಿಗೆ ಅಲ್ಲಿಂದ ಇಳುಕಲು ಇರಬೇಕು ತಾನೇ? ಕುಣಿಗಲ್ ದಾಟಿ ಶಿಂಷಾ ಹೊಳೆಯವರೆಗೂ ಆ ಲೆಕ್ಕ ಸರಿಯೇ ಇತ್ತು. ಆಮೇಲೆ ಹಾಸನದ ದಿಕ್ಕಿಗೆ ನೆಲ ಮತ್ತೆ ಏರುತ್ತದೆ. ಹಾಸನ ಬೆಂಗಳೂರಿಗಿಂತ ಎತ್ತರದಲ್ಲಿದೆ, 970 ಮೀಟರಿನ ಆಸುಪಾಸು. ಬಸ್ಸಿನಲ್ಲಿ ನೂರು ಸಲ ಹೋದರೂ ತಿಳಿಯದ ಸಂಗತಿ ಇದು. ಹಿರೀಸಾವೆಯಿಂದ ಮುಂದೆ ರಸ್ತೆ ಕಣ್ಣಿಗೆ ಸಪಾಟಾಗಿ ಕಾಣುತ್ತದೆ, ಕಾಲು ಬೇರೆಯೇ ಹೇಳುತ್ತದೆ. ಬ್ರೇಕ್ ಹಿಡಿದುಕೊಂಡಿದೆಯೋ ಏನೋ ಎಂದು ಇಳಿದು ಚಕ್ರ ತಿರುಗಿಸಿ ನೋಡಿದೆ. ಚಕ್ರದ್ದೇನೂ ತಪ್ಪಿಲ್ಲ, ಭೂಮಿಯದು.

ನಮ್ಮ ಪ್ರಸ್ಥಭೂಮಿಯ ಎತ್ತರದ ತುದಿ ಇರುವುದು ಪಶ್ಚಿಮಕ್ಕೆ, ಕಡಲಿಗೆ ಹತ್ತಿರದಲ್ಲಿ. ಅಲ್ಲಿಂದ ಪೂರ್ವಕ್ಕೆ ವಾಲಿದೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಅರಬ್ಬೀ ಸಮುದ್ರ ಅಲ್ಲಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೆ ಆ ನೀರು ಕಡಲಿಗೆ ಬೆನ್ನು ಹಾಕಿ, ಸಕಲೇಶಪುರ, ಗೊರೂರು ದಾಟಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರಿ, ಇಡೀ ತಮಿಳುನಾಡು ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಭೂಗೋಳದ ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವರು ನಾವೆಲ್ಲ. ಬರೆದದ್ದು ನಿಜ ಎಂದು ನಂಬಿಕೆ ಬಂದದ್ದು ಮಾತ್ರ ಚನ್ನರಾಯಪಟ್ಟಣದ ಹತ್ತಿರ, ಅತಿ ಸಣ್ಣ ಗೇರಿನಲ್ಲಿ.

ಹುರುಳಿ

ಹೆದ್ದಾರಿ ಬೇಸರವಾಗಿ ಹಳ್ಳಿ ರಸ್ತೆಗೆ ಇಳಿದೆ. ಟಾರಿನ ಮೇಲೆ ಉದ್ದಕ್ಕೂ ಹುರುಳಿ ಗಿಡ ಹಾಸಿದ್ದಾರೆ. ಬಸ್ಸು, ಕಾರು, ಟ್ರ್ಯಾಕ್ಟರ್ ಅದರ ಮೇಲೆ ಹರಿದು ಬಿಟ್ಟಿಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಸೈಕಲ್ ಮಾತ್ರ ಈ ಕೆಲಸಕ್ಕೆ ನಾಲಾಯಕ್ಕು. ತೂಕ ಸಾಲದು, ಬಳ್ಳಿ ಎಲ್ಲ ಹಿಂದಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಚೈನು ನಿಲ್ಲುತ್ತದೆ. ಬಗ್ಗಿ ಒಂದೊಂದೇ ಎಳೆ ಬಿಡಿಸುತ್ತಿದ್ದರೆ ಮೊರ ಹಿಡಿದಿದ್ದ ಅಮ್ಮ ಬಂದರು. ‘ಅಯ್ಯೋ ಕೂಸೇ, ಸೈಕಲ್ಲಲ್ಲಿ ಇದರ ಮೇಲೆ ಹೋಗ್ತಾರಾ? ಆ ಕಡೆ ಮಣ್ಣಲ್ಲಿ ಹೋಗ್ಬೇಕು.’ ರಸ್ತೆ ಬಿಟ್ಟು ಮಣ್ಣಿನಲ್ಲಿ ಹೋಗಬೇಕಾದವನು ನಾನು, ಏಕೆಂದರೆ ರಸ್ತೆ ಈಗ ಕಣ. ಇದು ಕಾನೂನಿಗೆ ವಿರುದ್ಧ, ಬೈಕಿನವರು ಜಾರಿ ಬೀಳುತ್ತಾರೆ, ಪೊಲೀಸರು ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ. ಎಲ್ಲ ಸರಿ. ಅಮ್ಮ ಕೊಟ್ಟ ಎರಡು ಬೊಗಸೆ ಹುರುಳಿ ಚೀಲದಲ್ಲಿದೆ, ಅದನ್ನು ಬೇಯಿಸುವುದಕ್ಕೆ ಎಷ್ಟು ಗ್ಯಾಸು ಬೇಕೋ.

ತೆಂಗಿನ ತೋಟ

ಟೆಂಟು ಹಾಕುವುದಕ್ಕೆ ಜಾಗ ಕೇಳುವುದು ಸೈಕಲ್ ತುಳಿಯುವುದಕ್ಕಿಂತ ಕಷ್ಟ. ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಸವಾರರು ಸಂಜೆ ರಸ್ತೆಯಿಂದ ಪಕ್ಕಕ್ಕೆ ಸರಿದು, ಮರದ ಮರೆಯಲ್ಲಿ ಯಾರಿಗೂ ಕಾಣದಂತೆ ಮಲಗಿ, ಬೆಳಿಗ್ಗೆ ಎದ್ದು ಹೋಗುತ್ತಾರೆ. ಆ ದೇಶಗಳಲ್ಲಿ ಯಾರಿಗೂ ಕಾಣದ ಜಾಗ ಎಂಬುದು ಇದೆ. ತುಮಕೂರು ಜಿಲ್ಲೆಯಲ್ಲಿ ಇಲ್ಲ. ಇಲ್ಲಿ ಒಂದು ಬೇಲಿ ಮುಗಿಯುವಲ್ಲಿ ಇನ್ನೊಂದು ಬೇಲಿ ಶುರು. ಬೇಲಿ ಇಲ್ಲದ ಕಡೆ ಗೋಮಾಳ, ಅಲ್ಲಿ ದನ ಕಾಯುವವರಿರುತ್ತಾರೆ. ದನವಿಲ್ಲದ ಹೊತ್ತಿನಲ್ಲಿ ಇಸ್ಪೀಟಿನವರಿರುತ್ತಾರೆ.

ಹಿರೀಸಾವೆಯ ಏರಿಗೆ ಮುಂಚಿನ ಮಾತು ಇದು: ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ದಾಸೋಹದ ಊಟ ಮಾಡಿ ಮುಂದೆ ಹೊರಟು, ಹೊತ್ತು ಇಳಿಯುವಾಗ ಒಂದು ತೋಟದ ಯಜಮಾನರನ್ನು ಕೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ‘ಮನೆಗೇ ಬನ್ನಿ, ಮಂಚ ಇದೆ’ ಎಂದರು. ಇಲ್ಲ, ಹೊರಗೇ ಮಲಗುವುದು ಎಂದೆ. ‘ಮಂಚ ಬೇಡ್ವಾ?’ ಬೇಡ. ಮನೆಯಲ್ಲಿ ಯಾರೊಂದಿಗೋ ಜಗಳವಾಡಿ ಬಂದವನ ಥರ ನನ್ನನ್ನು ನೋಡಿದರು. ‘ಮನೇಲಿ ಹೇಳಿ ಬಂದಿದ್ದೀರಾ?’ ಎಂದು ಕೇಳಿಯೂ ಬಿಟ್ಟರು. ಮನೆಗೆ ಫೋನ್ ಮಾಡಿ ಅವರ ಕೈಗೆ ಕೊಟ್ಟ ಮೇಲೆ ಸಮಾಧಾನ.

ಕೊನೆಗೆ ಅವರೇ ದಾರಿ ಹುಡುಕಿದರು. ಸಿದ್ಧಲಿಂಗ ಯತಿಗಳು ಇಲ್ಲೇ ಹತ್ತಿರದ ಕಗ್ಗೆರೆಯ ತೋಟವೊಂದರಲ್ಲಿ, ಮೈಮೇಲೆ ಹುತ್ತ ಬೆಳೆಯುವವರೆಗೂ ಕುಳಿತು ತಪಸ್ಸು ಮಾಡಿದರು ಎಂಬುದು ಈ ಕಡೆಯ ಪ್ರತೀತಿ. ‘ಸ್ವಾಮಿಗಳೇ ತೋಟದಲ್ಲಿ ಕೂತಿದ್ದು. ನೀವು ಮಲಗೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಮರದ ಬುಡದಲ್ಲಿ ಬೇಡ.’ ಕಾಯಿ ಬೀಳುತ್ತದೆ, ಒಣಗಿದ ಗರಿ ಬೀಳುತ್ತದೆ, ಬುಡದ ಪಾತಿಯಲ್ಲಿ ತೇವ, ತೇವಕ್ಕೆ ಹಾವು. ನಾಲ್ಕು ಮರದ ನಡುವಿನ ಸರಿಯಾದ ಮಧ್ಯವನ್ನು ಹೆಜ್ಜೆ ಹಾಕಿ ಅಳೆದು, ಗುದ್ದಲಿಯಿಂದ ಎರಡು ಕಲ್ಲು ಎಬ್ಬಿಸಿ ಜಾಗ ಮಾಡಿಕೊಟ್ಟರು. ಟೆಂಟು ಎದ್ದು ನಿಲ್ಲುವಾಗ ಹದಿನೈದು ಜನ ಸೇರಿದ್ದರು. ಕಂಬಿಗಳು ತಾವಾಗಿ ಒಂದಕ್ಕೊಂದು ಸಿಕ್ಕಿಕೊಂಡದ್ದಕ್ಕೆ ಚಪ್ಪಾಳೆ ಬಿತ್ತು. ಒಂಟಿ ಪ್ರಯಾಣ ಎಂದು ಹೊರಟದ್ದು. ಬೆಂಗಳೂರಿನಲ್ಲಿ ಯಾವತ್ತೂ ಇಷ್ಟು ಜನ ನನಗೆ ಗುಡ್‌ನೈಟ್ ಹೇಳಿಲ್ಲ.

ಬೆಳಗಿನ ಜಾವ ನವಿಲುಗಳು. ಹತ್ತಿರದಲ್ಲೇ ಆದಿಚುಂಚನಗಿರಿ, ಅಲ್ಲಿನ ನವಿಲುಧಾಮಕ್ಕೆ ಬೇಲಿ ಇದ್ದರೂ ನವಿಲುಗಳಿಗೆ ಇಲ್ಲ.

ಒಳಗೆ ಒದ್ದೆ

ಬೆಳಿಗ್ಗೆ ಟೆಂಟಿನ ಹೊರಹೊದಿಕೆಯ ಒಳಮೈ ತುಂಬ ನೀರು. ಬೆರಳು ಮುಟ್ಟಿಸಿದರೆ ಧಾರೆ. ಮಳೆ ಬಂದಿಲ್ಲ. ಅದನ್ನು ತಂತಿಬೇಲಿಯ ಮೇಲೆ ಒಣಗಹಾಕಿ ಕುಳಿತಿದ್ದಾಗ ಪಕ್ಕದ ಗದ್ದೆಯಿಂದ ಇಬ್ಬರು ಕುರಿ ಕಾಯುವವರು ಬಂದರು. ಸಿರಾ ಕಡೆಯವರು. ಬೇಸಿಗೆ ಹತ್ತಿರವಾದಂತೆ ಆ ಕಡೆ ಮೇವು ಮುಗಿಯುತ್ತದೆ, ಕುರಿಗಳನ್ನು ಹೊಡೆದುಕೊಂಡು ನೀರಾವರಿ ಇರುವ ಸೀಮೆಗೆ ಬರುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ಹಗಲು ಮೇವು. ರಾತ್ರಿ ಬಲೆ ಕಟ್ಟಿ ಅಲ್ಲೇ ಮಂದೆ ತರುಬುತ್ತಾರೆ. ಹಿಕ್ಕೆ, ಗಂಜಲ ಎಲ್ಲ ನೆಲಕ್ಕೆ ಬೀಳುತ್ತದೆ, ಅದಕ್ಕಾಗಿ ಗದ್ದೆಯವರು ರಾತ್ರಿಗೆ ಇಷ್ಟು ಎಂದು ದುಡ್ಡೋ ರಾಗಿಯೋ ಕೊಡುತ್ತಾರೆ. ಬಯಲಲ್ಲಿ ಮಲಗುವುದಕ್ಕೆ ಸಂಬಳ! ಇದನ್ನು ಕೇಳಿದ ಮೇಲೆ ನನ್ನ ಟೆಂಟಿನ ಬೆಲೆ ಹೇಳುವ ಧೈರ್ಯ ಬರಲಿಲ್ಲ.

ಅವರಲ್ಲಿ ಹಿರಿಯವರು ಹೊದಿಕೆಯ ಎರಡೂ ಮೈ ಸವರಿದರು. ‘ಮ್ಯಾಗೆ ಇಬ್ಬನಿ ಸರಿ, ಒಳಗೂ ಒದ್ದೆ ಐತಲ್ಲ? ಇದು ಏನ್ ತಡೀತದೆ?’ ಉಸಿರಿನ ತೇವ ತಣ್ಣನೆಯ ನೈಲಾನಿಗೆ ತಾಗಿ ನೀರಾಗುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ ಎಂದು ವಿವರಿಸಿದೆ. ಅವರು ಹೆಗಲ ಮೇಲಿನ ಕರೀ ಕಂಬಳಿಯನ್ನು ಮುಂದೆ ಚಾಚಿದರು. ಮೇಲೆ ಇಬ್ಬನಿ ಮುತ್ತಿನಂತೆ ನಿಂತಿತ್ತು, ಕೊಡವಿದರು, ಹೋಯಿತು. ಒಳಗೆ ಬೆಚ್ಚಗೆ, ಒಣ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಹೀರಿಟ್ಟುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಕಂಬಳಿ ಭಾರ, ನಿಜ. ಅವರ ಭಾರವನ್ನು ಹಿಂದೆ ಕತ್ತೆ ಹೊರುತ್ತಿತ್ತು, ಈಗ ಮೊಪೆಡ್ಡು. ನನ್ನದನ್ನು ನಾನು. ಅವರಿಗೂ ಇದು ಹೊಳೆದಿರಬೇಕು, ನಕ್ಕರು.

‘ಯಾಕೆ’ ಎಂದು ಇವರೂ ಕೇಳಲಿಲ್ಲ. ಕೇಳಿದ್ದು ಬೇರೆ: ‘ಮುಂದೆ ಎಲ್ಲಿ ನೀರು ಐತೆ?’ ದಾರಿಯಲ್ಲಿ ಇರುವವರು ಇನ್ನೊಬ್ಬರನ್ನು ಕೇಳುವ ಪ್ರಶ್ನೆ.

ಬಿಡಿ ಟಿಪ್ಪಣಿಗಳು

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬಾರದು, ಇಳಿಯಬೇಕು. ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದರೆ ಅದಕ್ಕೆ ಆಸಕ್ತಿಯೇ ಹೊರಟುಹೋಗುತ್ತದೆ. ಅಷ್ಟು ಹೊತ್ತು ಬೊಗಳಿದ್ದು ನನಗೋ, ತಿರುಗುವ ಚಕ್ರಕ್ಕೋ? ಚಕ್ರಕ್ಕೇ ಇರಬೇಕು.

ಟೋಲ್ ಗೇಟಿನಲ್ಲಿ ಸೈಕಲ್ಲಿಗೆ ಸುಂಕವಿಲ್ಲ. ಎಡತುದಿಯ ಸಂದಿಯಲ್ಲಿ ನುಗ್ಗಬೇಕು. ಬೂತಿನ ಹುಡುಗ ಪ್ರತಿ ಸಲ ಕೈ ಬೀಸುತ್ತಾನೆ. ಇಷ್ಟು ಹೊತ್ತಿನಲ್ಲಿ ಅವನು ನಕ್ಕ ಒಂದೇ ಗಾಡಿ ನನ್ನದು ಎಂದು ಭಾವಿಸಿಕೊಂಡಿದ್ದೇನೆ.

1923ರಲ್ಲಿ ಬೊಂಬಾಯಿಯ ಆರು ಜನ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. ಅದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮಗರಾ ಈ ಮೂವರು 1928ರಲ್ಲಿ ಪೂರ್ತಿ ಮಾಡಿ ಊರಿಗೆ ಮರಳಿದರು. ಗೇರಿಲ್ಲದ ಸೈಕಲ್ಲುಗಳು. 1963ರಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಒಬ್ಬರೇ, ಕೊರೆಯುವ ಚಳಿಗಾಲದಲ್ಲಿ ಹೊರಟು, ಸೈಕಲ್ಲಿನಲ್ಲೇ ಭಾರತ ತಲುಪಿದರು. ಜೊತೆಗೆ ಒಂದು ಪಿಸ್ತೂಲು. ಆಕೆಯ ಟಿಪ್ಪಣಿ ಪುಸ್ತಕಕ್ಕೂ ನನ್ನದಕ್ಕೂ ಇರುವ ವ್ಯತ್ಯಾಸ ಆ ಪಿಸ್ತೂಲಿನಲ್ಲೇ ಇದೆ. ನನ್ನ ರಾತ್ರಿಗಳ ಬಗ್ಗೆ ಜನರಿಗೆ ಕುತೂಹಲ, ಅಷ್ಟೇ. ಒಬ್ಬ ಹೆಣ್ಣುಮಗಳು ಇದೇ ತೋಟದಲ್ಲಿ ಇದೇ ಟೆಂಟು ಹಾಕಿದ್ದರೆ ಊರು ಕೇಳುತ್ತಿದ್ದ ಪ್ರಶ್ನೆಗಳ ಕ್ರಮವೇ ಬೇರೆ ಇರುತ್ತಿತ್ತು.

ಒಲೆ

ಗ್ಯಾಸಿನ ಸಣ್ಣ ಡಬ್ಬಿ, ಅದರ ಮೇಲೆ ಕೂರುವ ಮಡಚುವ ಒಲೆ, ಎರಡು ಅಲ್ಯೂಮಿನಿಯಂ ಪಾತ್ರೆ. ತೋಟದಲ್ಲಿ ಬೆಳಿಗ್ಗೆ ಕಾಫಿ ಮಾಡಲು ಹೊತ್ತಿಸಿದೆ. ಗಾಳಿಗೆ ಅಡ್ಡ ಕಟ್ಟಿ, ನೀರು ಕಾಯುವಷ್ಟರಲ್ಲಿ ಯಜಮಾನರ ಮನೆಯಿಂದ ಒಂದು ಚೊಂಬು ಕಾಫಿ, ತಟ್ಟೆ ತುಂಬ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂತು. ಕಾದ ನೀರಿನಲ್ಲಿ ತಟ್ಟೆ ತೊಳೆದುಕೊಟ್ಟೆ.

ಕಾಡುದಾರಿಯಲ್ಲಿ, ಹಿಮಾಲಯದಲ್ಲಿ ಇದು ಪ್ರಾಣ ಉಳಿಸುವ ಸಾಮಾನು. ಈ ರಸ್ತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಹೋಟೆಲು. ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಬೆಳಿಗ್ಗೆ ಆರಕ್ಕೆ ಇಡ್ಲಿ ಬೆಂದಿರುತ್ತದೆ. ಬರೀ ಹಬೆ ನೋಡಿ ಯಾವ ಅಂಗಡಿಗೆ ನುಗ್ಗಬೇಕೆಂದು ತೀರ್ಮಾನಿಸಬಹುದು.

ಶಾಲೆ

ಚನ್ನರಾಯಪಟ್ಟಣದ ಆಚೆ ತೋಟ ಸಿಗಲಿಲ್ಲ, ಸರ್ಕಾರಿ ಶಾಲೆ ಸಿಕ್ಕಿತು. ಅಪ್ಪಣೆ ಕೊಡುವವರು ಯಾರು? ಎದುರು ಮನೆಯವರು ಹೆಡ್‌ಮಾಸ್ಟರಿಗೆ ಫೋನ್ ಮಾಡಿದರು. ಹೆಡ್‌ಮಾಸ್ಟರು ಎಸ್‌ಡಿಎಂಸಿ ಅಧ್ಯಕ್ಷರನ್ನು ಕೇಳಿ ಎಂದರು. ಅಧ್ಯಕ್ಷರು ಪಂಚಾಯ್ತಿ ಮೆಂಬರನ್ನು ಕರೆತಂದರು. ಮೆಂಬರು ಆಧಾರ್ ಕಾರ್ಡಿನ ಫೋಟೊ ತೆಗೆದುಕೊಂಡು, ‘ಮಲಗಿ, ಆದ್ರೆ ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಎದ್ದೇಳಿ’ ಎಂದರು. ಇಷ್ಟಕ್ಕೆ ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೂರು ಮನೆಯವರು ಊಟಕ್ಕೆ ಕರೆದಿದ್ದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಜಗಲಿ ಸಿಮೆಂಟಿನದು, ಗೂಟ ಹೊಡೆಯುವಂತಿಲ್ಲ. ಆದರೆ ಕಂಬಿಯ ಮೇಲೆ ತಾನೇ ನಿಲ್ಲುವ ಟೆಂಟಿಗೆ ಗೂಟ ಬೇಕಿಲ್ಲ. ಹೊರಹೊದಿಕೆ ಹಾಕದೆ ಬರೀ ಒಳಗಿನ ಜಾಲರಿಯನ್ನು ನಿಲ್ಲಿಸಿದೆ. ಸೊಳ್ಳೆ ಇಲ್ಲ, ಗಾಳಿ ಆಡುತ್ತದೆ, ಬೆಳಿಗ್ಗೆ ಒಂದು ಹನಿ ನೀರಿಲ್ಲ. ಬೆಳಿಗ್ಗೆ ಜಾಲರಿಯ ಸುತ್ತ ಹುಡುಗರು ನಿಂತು, ಒಳಗಿರುವ ಪ್ರಾಣಿ ಎದ್ದಿದೆಯೇ ಎಂದು ಪಿಸುಗುಡುತ್ತಿದ್ದರು.

ಹಾಸನ ದಾಟಿ, ಬೇಲೂರಿನ ಕಡೆಗೆ

ಇಲ್ಲಿ ರಸ್ತೆಯ ಅಂಚಿಗೆ ಜನ ಬಂದರು. ಶಿವರಾತ್ರಿ ಹತ್ತಿರ. ಬೆಂಗಳೂರಿನಿಂದ, ಹಳೇ ಮೈಸೂರಿನ ಊರೂರುಗಳಿಂದ ಧರ್ಮಸ್ಥಳಕ್ಕೆ ನಡೆದು ಹೋಗುವ ಗುಂಪುಗಳು. ಬೆಂಗಳೂರಿನಿಂದ ಲೆಕ್ಕ ಹಾಕಿದರೆ ಸುಮಾರು 300 ಕಿಲೋಮೀಟರ್. ಕಾಲಿಗೆ ಬ್ಯಾಂಡೇಜು, ಕೈಯಲ್ಲಿ ಕೋಲು, ಸೊಂಟಕ್ಕೆ ಟವೆಲು. ಹಾಸಿಗೆ ಪಾತ್ರೆ ಹೊತ್ತ ಟೆಂಪೊ ಮುಂದೆ ಹೋಗಿ ಕಾಯುತ್ತದೆ. ದಾರಿಯುದ್ದಕ್ಕೂ ಶಾಮಿಯಾನಗಳು, ಮಜ್ಜಿಗೆ, ಪಾನಕ, ಕಲ್ಲಂಗಡಿ, ಒಂದು ಕಡೆ ಉಚಿತವಾಗಿ ಕಾಲು ತಿಕ್ಕಿಕೊಡುವವರೂ ಇದ್ದರು. ರಾತ್ರಿ ಇವರೂ ಶಾಲೆಯ ಜಗಲಿಯಲ್ಲಿ, ಸಮುದಾಯ ಭವನದಲ್ಲಿ, ಮರದ ಕೆಳಗೆ ಮಲಗುತ್ತಾರೆ. ಆಧಾರ್ ಕಾರ್ಡ್ ಯಾರೂ ಕೇಳುವುದಿಲ್ಲ.

‘ಯಾಕೆ’ ಎಂದು ಇವರನ್ನು ಯಾರೂ ಕೇಳುವುದಿಲ್ಲ. ಬಸ್ಸಿದೆಯಲ್ಲ, ದುಡ್ಡು ಉಳಿಸುವುದಕ್ಕಾ, ಮನೆಯಲ್ಲಿ ಹೇಳಿ ಬಂದಿರಾ, ಒಂದೂ ಇಲ್ಲ. ನನ್ನಷ್ಟೇ ಬೆವರು, ನನ್ನದೇ ದಾರಿ, ನನಗಿಂತ ಹೆಚ್ಚು ನೋವು. ಹರಕೆ ಎಂದು ಒಂದು ಮಾತು ಹೇಳಿದರೆ ಎಲ್ಲ ಬಾಗಿಲೂ ತೆರೆಯುತ್ತದೆ. ಗುಂಪಿನಲ್ಲಿದ್ದ ಒಬ್ಬರನ್ನು, ಆಟೊ ಓಡಿಸುವವರನ್ನು, ನಾನೇ ಕೇಳಿದೆ: ಹರಕೆ ಏನಿತ್ತು? ‘ಮೊದಲನೇ ವರ್ಷ ಮಗಳಿಗೆ ಹುಷಾರಿಲ್ಲ ಅಂತ ಹೊತ್ತಿದ್ದೆ ಸಾರ್. ವಾಸಿ ಆಯ್ತು. ಆಮೇಲಿಂದ ಹರಕೆ ಏನಿಲ್ಲ, ಸುಮ್ನೆ ಬರ್ತೀನಿ. ಈ ದಿನ ಬಂದ್ರೆ ಮನೇಲಿ ಕೂರೋಕೆ ಆಗಲ್ಲ.’ ಅದೇ ಉತ್ತರ ನೆಲಮಂಗಲದ ಟೀ ಅಂಗಡಿಯಲ್ಲಿ ನಡೆದಿರಲಿಲ್ಲ.

ಅಂದಿನಿಂದ ಯಾರಾದರೂ ಕೇಳಿದರೆ ‘ಧರ್ಮಸ್ಥಳದ ಕಡೆಗೆ’ ಎನ್ನುತ್ತೇನೆ. ಚಾರ್ಮಾಡಿ ಇಳಿದರೆ ಉಜಿರೆ, ಅಲ್ಲಿಂದ ಧರ್ಮಸ್ಥಳ ಕೂಗಳತೆ, ಆದ್ದರಿಂದ ಸುಳ್ಳಲ್ಲ. ಪ್ರಶ್ನೆಗಳು ಅಲ್ಲಿಗೇ ನಿಲ್ಲುತ್ತವೆ. ಮಜ್ಜಿಗೆ ಬರುತ್ತದೆ. ಒಂದು ಶಾಮಿಯಾನದಲ್ಲಿ ಸೈಕಲ್ಲಿನ ಹ್ಯಾಂಡಲಿಗೂ ಕುಂಕುಮ ಹಚ್ಚಿದರು.

ಆನೆ

ಬೇಲೂರು ಮುಟ್ಟುವ ಮೊದಲೇ ಮಾತು ಬದಲಾಯಿತು. ಇಲ್ಲಿ ಟೆಂಟು ಎಂದರೆ ಯಾರೂ ನಗುವುದಿಲ್ಲ, ಮುಖ ಗಂಭೀರವಾಗುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆ ಓಡಾಡುವುದು ಸುದ್ದಿಯಲ್ಲ, ದಿನಚರಿ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಸತ್ತದ್ದು ಇದೇ ಸೀಮೆಯಲ್ಲಿ, ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅಂಥ ಆನೆಗೇ ಆಗದ್ದು ಎರಡು ಕಿಲೋ ನೈಲಾನಿಗೆ ಆಗುತ್ತದೆಯೇ? ‘ಬೆಳಿಗ್ಗೆ ಏಳರ ಮೇಲೆ ಹೊರಡಿ, ಸಂಜೆ ಐದಕ್ಕೆ ಊರೊಳಗೆ ಇರಿ’ ಎಂದು ಹೋಟೆಲಿನವರು ಹೇಳಿದ್ದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. ಮುಂದೆ ಚಾರ್ಮಾಡಿಯ ಇಕ್ಕೆಲದಲ್ಲೂ ಕಾಡು. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿ ಇಲ್ಲದೆ ಬಿಡಾರ ಹೂಡುವಂತೆಯೇ ಇಲ್ಲ, ಹೂಡುವ ಆಸೆಯೂ ಉಳಿದಿಲ್ಲ.

ಬೇಲೂರು

ಚೆನ್ನಕೇಶವನ ದರ್ಶನವಾಯಿತು. 1117ರ ದೇವಸ್ಥಾನ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಸಾಲು ಇನ್ನೂ ಉದ್ದವಾಗಿದೆ. ಸೈಕಲ್ಲನ್ನು ಹೂವಿನಂಗಡಿಯ ಅಕ್ಕ ನೋಡಿಕೊಂಡರು.

ಆಮೇಲೆ ಲಾಡ್ಜಿನ ನೆಲದ ಮೇಲೆ ಸಾಮಾನೆಲ್ಲ ಹರಡಿ ಕುಳಿತೆ. ಒಲೆ, ಗ್ಯಾಸು, ಪಾತ್ರೆಗಳು ಬೇಡ. ಟೆಂಟಿನ ಹೊರಹೊದಿಕೆ ಈ ತಿಂಗಳಿಗೆ ಬೇಡ. ಗೂಟಗಳು ಬೇಡ. ಗ್ಯಾಸಿನ ಡಬ್ಬಿಯನ್ನು ಪಾರ್ಸೆಲ್ಲಿಗೆ ಹಾಕುವಂತಿಲ್ಲ, ಅದು ಲಾಡ್ಜಿನ ಹುಡುಗನಿಗೆ. ಉಳಿದದ್ದೆಲ್ಲ ಬೆಂಗಳೂರಿನ ಬಸ್ಸಿಗೆ. ಒಳಗಿನ ಜಾಲರಿ ಮತ್ತು ಕಂಬಿ ಮಾತ್ರ ಇರಲಿ: ಕರ್ನಾಟಕದ ಶಾಲೆ ಜಗಲಿಗೆ ಇದಕ್ಕಿಂತ ಒಳ್ಳೆಯ ಸೊಳ್ಳೆಪರದೆ ಇಲ್ಲ. ಹೊಸದಾಗಿ ಕೊಂಡದ್ದು ಒಂದು ಕಂಬಳಿ, ಭಾರ ಒಂದೂವರೆ ಕಿಲೋ. ಹುರುಳಿಯನ್ನು ಲಾಡ್ಜಿನ ಪಕ್ಕದ ಮೆಸ್ಸಿನವರಿಗೆ ಕೊಟ್ಟಿದ್ದೇನೆ, ರಾತ್ರಿಗೆ ಬಸ್ಸಾರು ಮಾಡುತ್ತಾರಂತೆ.